ಹನ್ನಾ ಅರೆಂಟ್ ಸಂದರ್ಶನಗಳು: ಉತ್ತರಕ್ಕಿಂತ ಮೊದಲು ಪ್ರಶ್ನೆ ಓದಿ

ಪ್ರಶ್ನೆ: ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಯಹೂದಿ ರಾಜಕೀಯ ಚಿಂತಕಿ ಹನ್ನಾ ಅರೆಂಟ್ ಅವರ ನಾಲ್ಕು ಸಂದರ್ಶನಗಳಿರುವ ಇಂಗ್ಲಿಷ್ ಸಂಗ್ರಹವೊಂದು ಕೈಗೆ ಸಿಕ್ಕಿದೆ. ಅವರ ದೊಡ್ಡ ಪುಸ್ತಕಗಳನ್ನು ನಾನಿನ್ನೂ ಓದಿಲ್ಲ. ಇಲ್ಲಿಂದ ಶುರು ಮಾಡಬಹುದಾ? ಒಂದು ಕಡೆ ತನಗೆ ಅರ್ಥ ಮಾಡಿಕೊಳ್ಳುವುದೇ ಮುಖ್ಯ ಎನ್ನುತ್ತಾರೆ, ಇನ್ನೊಂದು ಕಡೆ ಬೀದಿಗಿಳಿದ ವಿದ್ಯಾರ್ಥಿಗಳನ್ನು ಮೆಚ್ಚುತ್ತಾರೆ. ಒಂದಕ್ಕೊಂದು ಹೊಂದುವುದಿಲ್ಲ. ಹೆಂಗಸರ ಬಗ್ಗೆ, ‘ಮೂರನೇ ಜಗತ್ತಿನ’ ಬಗ್ಗೆ ಅವರು ಹೇಳಿದ್ದನ್ನು ಓದಿ ಕಸಿವಿಸಿಯಾಯಿತು. ಬಾಯಿಮಾತಿನಲ್ಲಿ ಹೇಳಿದ್ದನ್ನೆಲ್ಲ ಅವರ ಸಿದ್ಧಾಂತ ಅಂತ ತಿಳಿಯಬೇಕಾ?

ಉತ್ತರ: ಖಂಡಿತ ಶುರು ಮಾಡಬಹುದು. ಅರೆಂಟ್ ಮಟ್ಟಿಗೆ ಇದು ಒಳ್ಳೆಯ ಬಾಗಿಲೇ. ಅವರ ಬರಹ ದಟ್ಟವಾದದ್ದು. ಗ್ರೀಕರು, ರೋಮನ್ನರು, ಹಳೆಯ ಕ್ರೈಸ್ತ ಚಿಂತಕ ಅಗಸ್ಟೀನ್, ಜರ್ಮನ್ ತತ್ವಜ್ಞಾನಿ ಕಾಂಟ್ ಎಲ್ಲರೂ ಓದುಗರಿಗೆ ಗೊತ್ತಿದ್ದಾರೆ ಎಂದುಕೊಂಡೇ ಬರೆಯುತ್ತಾರೆ. ಮಾತಿನಲ್ಲಿ ಹಾಗಿಲ್ಲ. ಎದುರಿಗೆ ಕೂತವರಿಗೆ ಅರ್ಥವಾಗಬೇಕಲ್ವಾ? ಹಾಗಾಗಿ ಉದಾಹರಣೆ ಕೊಡುತ್ತಾರೆ, ಕತೆ ಹೇಳುತ್ತಾರೆ, ನಗುತ್ತಾರೆ, ಕೆಲವೊಮ್ಮೆ ಸಿಟ್ಟಾಗುತ್ತಾರೆ. ಆದರೆ ಪುಸ್ತಕ ಓದುವ ಹಾಗೆ ಸಂದರ್ಶನ ಓದಬೇಡಿ. ಪುಸ್ತಕದ ವಾಕ್ಯಕ್ಕೆ ಹಿಂದುಮುಂದಿನ ವಾಕ್ಯಗಳ ಆಸರೆ ಇರುತ್ತದೆ. ಸಂದರ್ಶನದಲ್ಲಿ ಆ ಆಸರೆ ಪ್ರಶ್ನೆಯದು. ಪ್ರಶ್ನೆ ಬಿಟ್ಟು ಉತ್ತರವನ್ನಷ್ಟೇ ಎತ್ತಿಕೊಂಡರೆ ನಿಮ್ಮ ಕೈಯಲ್ಲಿ ಉಳಿಯುವುದು ಬೇರೆಯದೇ ಮಾತು.

ಇದಕ್ಕೆ ಅರೆಂಟ್ ಅವರದೇ ಒಂದು ವಾಕ್ಯ ಒಳ್ಳೆಯ ಸಾಕ್ಷಿ. ಇಟಲಿಯ ಉತ್ತರಕ್ಕೆ ಬೊಲ್ಜಾನೊ ಎಂಬ ಊರಿದೆ. ಅಲ್ಲಿನ ಸರ್ಕಾರಿ ಕಟ್ಟಡವೊಂದರ ಮೇಲೆ ಫ್ಯಾಸಿಸ್ಟ್ ಕಾಲದ ದೊಡ್ಡ ಕಲ್ಲಿನ ಕೆತ್ತನೆ ಇದೆ. ಕುದುರೆ ಮೇಲೆ ಮುಸ್ಸೊಲಿನಿ, ಜೊತೆಗೆ ‘ನಂಬು, ವಿಧೇಯನಾಗು, ಹೋರಾಡು’ ಎಂಬ ಘೋಷಣೆ. ಅದನ್ನು ಒಡೆದು ಹಾಕುವ ಬದಲು 2017ರಲ್ಲಿ ಅದರ ಮೇಲೆಯೇ ಅರೆಂಟ್ ಅವರ ಮಾತನ್ನು ಬೆಳಕಿನ ಅಕ್ಷರಗಳಲ್ಲಿ ಹಾಕಿದರು, ಮೂರು ಭಾಷೆಗಳಲ್ಲಿ: ‘ವಿಧೇಯನಾಗುವ ಹಕ್ಕು ಯಾರಿಗೂ ಇಲ್ಲ’. ಒಂದು ಊರು ತನ್ನ ಕೆಟ್ಟ ಇತಿಹಾಸಕ್ಕೆ ಕೊಟ್ಟ ಉತ್ತರವಾಗಿ ನನಗೆ ಇದು ತುಂಬ ಇಷ್ಟ. ಆದರೆ ಆ ವಾಕ್ಯ ನಿಮ್ಮ ಸಂಗ್ರಹದಲ್ಲಿರುವ, ಜರ್ಮನ್ ಇತಿಹಾಸಕಾರ ಯೋಆಖಿಮ್ ಫೆಸ್ಟ್ ಮಾಡಿದ ಸಂದರ್ಶನದ್ದು. ಅಲ್ಲಿ ಹೋಗಿ ನೋಡಿ. ಗೋಡೆಯ ಮೇಲಿಲ್ಲದ ಒಂದು ಹೆಸರು ಅಲ್ಲಿದೆ: ಕಾಂಟ್. ಅವರು ಹೇಳಿದ್ದು, ಕಾಂಟ್ ಪ್ರಕಾರ ವಿಧೇಯನಾಗುವ ಹಕ್ಕು ಯಾರಿಗೂ ಇಲ್ಲ ಎಂದು.

ಈ ಮಾತಿಗೆ ಕಾಂಟ್ ಯಾಕೆ ಬಂದ? ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ನೋಡಿಕೊಂಡಿದ್ದ ಅಡಾಲ್ಫ್ ಐಕ್‌ಮನ್, 1961ರಲ್ಲಿ ಜೆರುಸಲೇಮಿನ ವಿಚಾರಣೆಯಲ್ಲಿ ತಾನು ಕಾಂಟ್ ಹೇಳಿದ ನೀತಿಯಂತೆ ಬದುಕಿದವನು ಎಂದಿದ್ದ. ಮೇಲಿನವರ ಆಜ್ಞೆ ಪಾಲಿಸುವುದೇ ಅವನ ಪಾಲಿಗೆ ಕಾಂಟ್. ಅರೆಂಟ್ ಆ ಮಾತಿಗೆ ಎದುರು ನಿಲ್ಲುತ್ತಾರೆ. ನಾನು ನಡೆಯುವ ನಿಯಮ ಎಲ್ಲರಿಗೂ ಕಾನೂನಾಗಬಹುದೇ ಎಂದು ಪ್ರತಿಯೊಬ್ಬನೂ ಸ್ವತಃ ಯೋಚಿಸಬೇಕು ಎನ್ನುವುದು ಕಾಂಟ್ ನೀತಿಯ ತಿರುಳು. ಅಂದರೆ ಪ್ರತಿಯೊಬ್ಬನೂ ಕಾನೂನು ಮಾಡುವವನೇ. ಅಲ್ಲಿ ‘ನನಗೆ ಹೇಳಿದರು, ನಾನು ಮಾಡಿದೆ’ ಎಂಬ ನೆಪಕ್ಕೆ ಜಾಗವಿಲ್ಲ. ಗೋಡೆ ಮೇಲೆ ಇದು ಬಂಡಾಯದ ಕೂಗಿನಂತೆ ಕೇಳಿಸುತ್ತದೆ. ಸಂದರ್ಶನದಲ್ಲಿ ಅದು ಒಬ್ಬ ಕೊಲೆಗಾರನ ಕೈಯಿಂದ ಒಬ್ಬ ತತ್ವಜ್ಞಾನಿಯನ್ನು ಬಿಡಿಸಿಕೊಳ್ಳುವ ವಾದ. ಐಕ್‌ಮನ್ ಕುರಿತ ಅವರ ಪುಸ್ತಕದ ಉಪಸಂಹಾರ ತೆಗೆದರೆ ಇದರ ಇನ್ನೊಂದು ಅರ್ಧ ಸಿಗುತ್ತದೆ: ರಾಜಕೀಯವೇನೂ ಮಕ್ಕಳ ಕೋಣೆಯಲ್ಲ, ಇಲ್ಲಿ ವಿಧೇಯತೆ ಮತ್ತು ಬೆಂಬಲ ಎರಡೂ ಒಂದೇ. ಒಂದು ಕಡೆ ವಾಕ್ಯ ಹಿಡಿದು, ಅದರ ಪ್ರಶ್ನೆ ನೋಡಿ, ಅಲ್ಲಿಂದ ಪುಸ್ತಕಕ್ಕೆ ಹೋಗುವುದು. ನಾನು ಹೇಳುವ ಓದಿನ ಕ್ರಮ ಇದೇ.

ಶುರುವಿನಲ್ಲಿ ಒಂದು ಕೆಲಸ ಮಾಡಿ. ಸಂದರ್ಶನ ಓದುವ ಮೊದಲು ಬರೀ ಪ್ರಶ್ನೆಗಳನ್ನು ಮೊದಲಿಂದ ಕೊನೆಯವರೆಗೆ ಓದಿಕೊಂಡು ಹೋಗಿ. ಜಾಸ್ತಿ ಹೊತ್ತು ಬೇಕಾಗುವುದಿಲ್ಲ. ಕೇಳುವವರಿಗೆ ಏನು ಬೇಕಿತ್ತು, ಯಾವ ಕಡೆಗೆ ಎಳೆಯುತ್ತಿದ್ದಾರೆ, ಎಷ್ಟು ಓದಿಕೊಂಡು ಬಂದಿದ್ದಾರೆ ಎಲ್ಲ ಗೊತ್ತಾಗುತ್ತದೆ. ಆಮೇಲೆ ಉತ್ತರಗಳಿಗೆ ಬನ್ನಿ. ಪ್ರತಿ ಉತ್ತರದ ಮೊದಲ ವಾಕ್ಯವನ್ನು ಗಮನಿಸಿ. ಅರೆಂಟ್ ಬಹಳ ಸಲ ಪ್ರಶ್ನೆಯನ್ನು ಒಪ್ಪದೆಯೇ ಶುರು ಮಾಡುತ್ತಾರೆ. ಜರ್ಮನ್ ಪತ್ರಕರ್ತ ಗುಂಟರ್ ಗೌಸ್, ಅರೆಂಟ್ ಅವರನ್ನು ತತ್ವಜ್ಞಾನಿ ಎಂದು ಪರಿಚಯಿಸಿದ ಕೂಡಲೇ, ತಾನು ಆ ಬಳಗಕ್ಕೆ ಸೇರಿದವಳಲ್ಲ, ತನ್ನ ಕೆಲಸ ರಾಜಕೀಯ ಚಿಂತನೆ ಎನ್ನುತ್ತಾರೆ. ಇದು ವಿನಯದ ಮಾತಲ್ಲ. ಪ್ಲೇಟೋನಿಂದ ಹಿಡಿದು ತತ್ವಶಾಸ್ತ್ರಕ್ಕೆ ರಾಜಕೀಯದ ಬಗ್ಗೆ ಒಂದು ಹಗೆ ಇದೆ, ಆ ಹಗೆಯಿಂದ ಮಸುಕಾಗದ ಕಣ್ಣಿನಿಂದ ನಾನು ರಾಜಕೀಯವನ್ನು ನೋಡಬೇಕು ಎಂಬುದು ಅವರ ನಿಲುವು. ಅವರ ಇಡೀ ಬರವಣಿಗೆಯ ಬೀಜ ಅಲ್ಲಿದೆ. ಬರೀ ಪ್ರಶ್ನೆಗೆ ಎದುರಾಡಿದ್ದರಿಂದ ಅದು ಹೊರಗೆ ಬಂತು.

ಇನ್ನು ಕಾಲ. ಗೌಸ್ ಅವರ ಟಿವಿ ಸಂದರ್ಶನ ಪ್ರಸಾರವಾದದ್ದು 1964ರ ಅಕ್ಟೋಬರ್ 28ರಂದು, ಫೆಸ್ಟ್ ಅವರ ರೇಡಿಯೊ ಮಾತುಕತೆ ಅದೇ ವರ್ಷ ನವೆಂಬರ್ 9ರಂದು. ಐಕ್‌ಮನ್ ವಿಚಾರಣೆ ಬಗ್ಗೆ ಅರೆಂಟ್ ಬರೆದದ್ದು 1963ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಕಂತುಗಳಾಗಿ ಬಂದು ದೊಡ್ಡ ಗದ್ದಲವಾಗಿತ್ತು. ನಾಜಿಗಳು ನೇಮಿಸಿದ ಯಹೂದಿ ಮಂಡಳಿಗಳ ಪಾತ್ರದ ಬಗ್ಗೆ ಅವರು ಬರೆದ ಮಾತುಗಳು, ಅವರ ಬರಹದ ಧಾಟಿ, ಎರಡೂ ಹಲವು ಯಹೂದಿ ಓದುಗರಿಗೆ ಗಾಯ ಮಾಡಿದ್ದವು. ಹಳೆಯ ಗೆಳೆಯರು ದೂರವಾದರು. ಆ ಪುಸ್ತಕದ ಜರ್ಮನ್ ಆವೃತ್ತಿ ಹೊರಬಂದದ್ದು 1964ರಲ್ಲೇ. ಹಾಗಾಗಿ ನಿಮ್ಮ ಸಂಗ್ರಹದ ಮೊದಲ ಎರಡು ಸಂದರ್ಶನಗಳು ಜಗಳದ ನಡುವೆ ಆಡಿದ ಮಾತುಗಳು. ಸಮಾಧಾನದ ತತ್ವಚಿಂತನೆ ಅಲ್ಲಿ ಹುಡುಕಬೇಡಿ. ಜರ್ಮನ್ ಲೇಖಕ ಆಡೆಲ್ಬರ್ಟ್ ರೈಫ್ ಮಾತಾಡಿಸಿದ್ದು 1970ರ ಬೇಸಿಗೆಯಲ್ಲಿ, ವಿದ್ಯಾರ್ಥಿ ಚಳವಳಿಯ ಕಾವು ಇನ್ನೂ ಇದ್ದಾಗ. ಫ್ರೆಂಚ್ ನ್ಯಾಯತಜ್ಞ ರೋಜೆ ಎರೆರಾ ಟಿವಿಗಾಗಿ ಮಾತಾಡಿಸಿದ್ದು 1973ರ ಅಕ್ಟೋಬರ್‌ನಲ್ಲಿ, ಅಮೆರಿಕ ವಾಟರ್‌ಗೇಟ್ ಹಗರಣದಲ್ಲಿ, ಅಂದರೆ ಅಧ್ಯಕ್ಷ ನಿಕ್ಸನ್ ಸುತ್ತಿಕೊಂಡ ರಾಜಕೀಯ ಹಗರಣದಲ್ಲಿ, ಮುಳುಗಿದ್ದಾಗ.

ನಾಲ್ಕಕ್ಕೂ ಒಂದೇ ತೂಕ ಕೊಡಬೇಡಿ. ರೈಫ್ ಸಂದರ್ಶನವನ್ನು ಅರೆಂಟ್ ತಮ್ಮ 1972ರ ಪ್ರಬಂಧ ಸಂಕಲನದಲ್ಲಿ ತಾವೇ ಸೇರಿಸಿಕೊಂಡರು. ಅಂದರೆ ಅದನ್ನು ಅವರು ಬರೆದದ್ದಕ್ಕೆ ಸಮ ಎಂದು ಹಿಡಿಯಬಹುದು. ಎರೆರಾ ಸಂದರ್ಶನ ಇಂಗ್ಲಿಷಿನಲ್ಲಿ ಅಚ್ಚಾದದ್ದು 1978ರಲ್ಲಿ. ಅರೆಂಟ್ 1975ರ ಡಿಸೆಂಬರ್ 4ರಂದೇ ತೀರಿಕೊಂಡಿದ್ದರು. ಅಚ್ಚಿಗೆ ಹೋಗುವ ಮೊದಲು ಒಂದು ಪದ ಬದಲಿಸುವ ಅವಕಾಶವೂ ಅವರಿಗಿರಲಿಲ್ಲ. ಯಾವ ಚಿಂತಕರ ಸಂದರ್ಶನವೇ ಆಗಲಿ, ಅವರು ಒಪ್ಪಿ ಅಚ್ಚಾದದ್ದೇ, ತಿದ್ದಿದ್ದಾರಾ, ಅವರ ನಂತರ ಬೇರೆಯವರು ಹೊರತಂದದ್ದಾ ಎಂದು ಮೊದಲು ನೋಡಿ. ಸಾಮಾನ್ಯವಾಗಿ ಸಂಗ್ರಹದ ಮುನ್ನುಡಿಯಲ್ಲೋ ಹಕ್ಕುಗಳ ಪುಟದಲ್ಲೋ ಇದು ಸಿಗುತ್ತದೆ. ನಾವು ಹಾರಿಸಿಬಿಡುವ ಪುಟ ಅದು.

ಗೌಸ್ ಸಂದರ್ಶನವನ್ನು ಓದುವುದಕ್ಕೆ ಮೊದಲೋ ನಂತರವೋ ಒಮ್ಮೆ ನೋಡಿ. ಜರ್ಮನ್ ಮಾತು, ಇಂಗ್ಲಿಷ್ ಅಡಿಬರಹದೊಂದಿಗೆ ಅಂತರ್ಜಾಲದಲ್ಲಿ ಸಿಗುತ್ತದೆ. ಕಪ್ಪುಬಿಳುಪು ಚಿತ್ರ, ಕೈಯಲ್ಲಿ ಸಿಗರೇಟು, ಒಂದೇ ಕುರ್ಚಿ. ಅಚ್ಚಿನಲ್ಲಿ ಕಾಣದ್ದು ಅಲ್ಲಿ ಕಾಣುತ್ತದೆ. ಮುಖ್ಯವಾಗಿ ಐಕ್‌ಮನ್ ಪುಸ್ತಕದ ಧಾಟಿಯ ಬಗ್ಗೆ ಗೌಸ್ ಕೇಳುವ ಭಾಗ. ಪೊಲೀಸ್ ವಿಚಾರಣೆಯ 3600 ಪುಟಗಳನ್ನು ಎಚ್ಚರದಿಂದ ಓದಿದೆ, ಎಷ್ಟೋ ಸಲ ಜೋರಾಗಿ ನಕ್ಕೆ ಎನ್ನುತ್ತಾರೆ ಅರೆಂಟ್. ಸಾಯುವ ಮೂರು ನಿಮಿಷ ಮೊದಲೂ ನಾನು ಬಹುಶಃ ನಗುತ್ತೇನೆ ಎನ್ನುತ್ತಾರೆ. ಬರೀ ಅಕ್ಷರದಲ್ಲಿ ಓದಿದರೆ ಕಲ್ಲು ಹೃದಯ ಅನ್ನಿಸಬಹುದು. ಮುಖ ನೋಡಿದರೆ ಹಾಗನ್ನಿಸುವುದಿಲ್ಲ. ಅದೇ ಸಂದರ್ಶನದಲ್ಲಿ, 1943ರಲ್ಲಿ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಸ್ ಬಗ್ಗೆ ತಿಳಿದ ದಿನ ಹೇಗಿತ್ತು ಎಂದು ಹೇಳುವಾಗ ಅವರ ದನಿ ಬೇರೆಯಾಗುತ್ತದೆ. ಕಾಲ ಕೆಳಗೆ ಪ್ರಪಾತ ಬಾಯಿ ತೆರೆದಂತಾಯಿತು, ಅದು ನಡೆಯಬಾರದಿತ್ತು, ಅದಕ್ಕೆ ಸಮಾಧಾನ ಎಂಬುದೇ ಇಲ್ಲ ಎಂಬ ಅರ್ಥದ ಮಾತುಗಳು. ಆ ನಗು ಮತ್ತು ಈ ದನಿ ಎರಡನ್ನೂ ಒಟ್ಟಿಗೆ ಹಿಡಿದುಕೊಂಡರೆ ಮಾತ್ರ ಅವರ ಧಾಟಿಯ ಬಗ್ಗೆ ನಿರ್ಣಯ ಮಾಡಬಹುದು. ಧಾಟಿ ಒಪ್ಪದವರು ಇದ್ದೇ ಇರುತ್ತಾರೆ, ಅದರಲ್ಲಿ ತಪ್ಪಿಲ್ಲ.

ನಿಮ್ಮ ‘ಒಂದಕ್ಕೊಂದು ಹೊಂದುವುದಿಲ್ಲ’ ಎಂಬ ಮಾತಿಗೆ ಬರೋಣ. ನಿಮ್ಮ ಬರಹದಿಂದ ಪರಿಣಾಮ ಬೀರುವ ಆಸೆ ಇದೆಯೇ ಎಂದು ಗೌಸ್ ಕೇಳುತ್ತಾರೆ. ಪರಿಣಾಮ ಬೀರಬೇಕೆಂಬುದು ಗಂಡಸರ ಪ್ರಶ್ನೆ, ನನಗೆ ಅರ್ಥ ಮಾಡಿಕೊಳ್ಳಬೇಕು, ಬೇರೆಯವರೂ ಹಾಗೆಯೇ ಅರ್ಥ ಮಾಡಿಕೊಂಡರೆ ಖುಷಿ ಎಂಬುದು ಅವರ ಉತ್ತರ. ರೈಫ್ ಜೊತೆ ಮಾತಾಡುವಾಗ ವಿದ್ಯಾರ್ಥಿಗಳ ಕ್ರಿಯಾಶಕ್ತಿಯನ್ನು, ಎಲ್ಲರೂ ಕೂಡಿ ಏನನ್ನಾದರೂ ಬದಲಿಸಬಹುದೆಂಬ ಅವರ ನಂಬಿಕೆಯನ್ನು, ಕೂಡಿ ಮಾಡುವುದರಲ್ಲಿರುವ ಸಂತೋಷವನ್ನು ಮೆಚ್ಚುತ್ತಾರೆ. ಇಲ್ಲಿ ವಿರೋಧವಿಲ್ಲ. ಮೊದಲನೆಯದು ‘ನೀವು ಯಾಕೆ ಬರೆಯುತ್ತೀರಿ’ ಎಂಬ ಪ್ರಶ್ನೆಯ ಉತ್ತರ. ಎರಡನೆಯದು ‘ರಾಜಕೀಯ ಎಂದರೇನು’ ಎಂಬುದರ ಉತ್ತರ. 1972ರ ನವೆಂಬರ್‌ನಲ್ಲಿ ಟೊರಾಂಟೊದಲ್ಲಿ ಅವರ ಚಿಂತನೆ ಬಗ್ಗೆಯೇ ಒಂದು ಸಮ್ಮೇಳನ ನಡೆಯಿತು. ಅಲ್ಲಿ ಇದನ್ನು ಅವರೇ ಬಿಡಿಸಿ ಹೇಳಿದರು: ಏನೂ ಮಾಡದೆ ನಾನು ಬದುಕಬಲ್ಲೆ, ಆಗುತ್ತಿರುವುದನ್ನು ಅರ್ಥ ಮಾಡಿಕೊಳ್ಳಲು ಪ್ರಯತ್ನಿಸದೆ ಬದುಕಲಾರೆ. ಕ್ರಿಯೆಯನ್ನು ಜೀವನವಿಡೀ ಹೊರಗಿನಿಂದ ನೋಡಿ ಬರೆದವರು ಅವರು. ಹೊರಗಿನಿಂದ ನೋಡಿದ್ದರಿಂದಲೇ ಅಷ್ಟು ಚೆನ್ನಾಗಿ ಕಂಡಿತು ಎಂಬುದು ನನ್ನ ಅಭಿಪ್ರಾಯ.

ನೀವು ಕೇಳದ ಇನ್ನೊಂದು ಜಾಗ, ರೈಫ್ ಸಂದರ್ಶನದ ಕೊನೆ. ಕ್ರಾಂತಿ ಕುರಿತ 1963ರ ಪುಸ್ತಕದಲ್ಲಿ ಅರೆಂಟ್ ಜನರ ಮಂಡಳಿಗಳ ಬಗ್ಗೆ ತುಂಬ ಉತ್ಸಾಹದಿಂದ ಬರೆಯುತ್ತಾರೆ. 1871ರ ಪ್ಯಾರಿಸ್, 1905 ಮತ್ತು 1917ರ ರಷ್ಯಾ, 1918–19ರ ಜರ್ಮನಿ, 1956ರ ಹಂಗೆರಿ, ಹೀಗೆ ಎಲ್ಲೆಡೆ ಯಾರೂ ಹೇಳಿಕೊಡದೆ ತಾವಾಗಿ ಹುಟ್ಟಿದ ಮಂಡಳಿಗಳು. ಪಕ್ಷಗಳಿಗೆ ಅದು ಪರ್ಯಾಯ ಎಂಬುದು ಅವರ ನಂಬಿಕೆ. ಇದು ನಿಜವಾಗಿ ಬರುವ ಸಾಧ್ಯತೆ ಎಷ್ಟು ಎಂಬ ಮಾತು ಬಂದಾಗ ಅವರು ಹೇಳುವುದು: ತೀರಾ ಕಡಿಮೆ, ಇದ್ದರೆ. ಆದರೂ ಮುಂದಿನ ಕ್ರಾಂತಿಯ ಬೆನ್ನಿಗೆ, ಬಹುಶಃ. ಪುಸ್ತಕದಲ್ಲಿ ಈ ‘ಇದ್ದರೆ’ಗೆ ಜಾಗ ಇರಲಿಲ್ಲ. ಸಂದರ್ಶನದಿಂದ ಸಿಗುವ ನಿಜವಾದ ಲಾಭ ಇದು. ತಮ್ಮ ವಿಚಾರವನ್ನು ಒಬ್ಬ ಚಿಂತಕಿ ಎಷ್ಟು ಗಟ್ಟಿಯಾಗಿ ಹಿಡಿದಿದ್ದಾರೆ, ಎಷ್ಟು ಸಡಿಲವಾಗಿ ಹಿಡಿದಿದ್ದಾರೆ ಎಂಬುದು ಮಾತಿನಲ್ಲಿ ಗೊತ್ತಾಗುತ್ತದೆ.

ಹೆಂಗಸರ ಬಗ್ಗೆ ಅವರು ಹೇಳಿದ್ದು ಗೌಸ್ ಸಂದರ್ಶನದ ಶುರುವಿನಲ್ಲೇ ಬರುತ್ತದೆ. ಕೆಲವು ಕೆಲಸ ಹೆಂಗಸರಿಗೆ ಒಪ್ಪುವುದಿಲ್ಲ, ಹೆಂಗಸು ಆಜ್ಞೆ ಕೊಟ್ಟರೆ ಚೆನ್ನಾಗಿ ಕಾಣುವುದಿಲ್ಲ ಎನ್ನುತ್ತಾರೆ. ಇದು ಹಳೆಯ ಕಾಲದ ಮಾತು ಎಂದು ಅವರೇ ಒಪ್ಪುತ್ತಾರೆ. ನಾನಂತೂ ನನಗೆ ಬೇಕಾದ್ದನ್ನೇ ಮಾಡಿಕೊಂಡು ಬಂದೆ ಎಂದು ಸೇರಿಸುತ್ತಾರೆ. 1959ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪೂರ್ಣ ಪ್ರಾಧ್ಯಾಪಕ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಇವರೇ ಎಂಬುದನ್ನು ನೆನೆದರೆ ನಿಮ್ಮ ಕಸಿವಿಸಿ ಇನ್ನೂ ಜಾಸ್ತಿಯಾಗುತ್ತದೆ, ಅಲ್ವಾ? ಇದನ್ನು ಅವರ ಸಿದ್ಧಾಂತ ಎಂದು ಹಿಡಿಯಬೇಕಿಲ್ಲ. ಇದಕ್ಕೆ ಅವರು ಎಲ್ಲೂ ವಾದ ಕಟ್ಟಿಲ್ಲ. ಹಾಗಂತ ತಳ್ಳಿಹಾಕಲೂಬೇಡಿ. ಮನೆ, ಅಡುಗೆ, ದುಡಿಮೆ ಇವೆಲ್ಲ ಒಂದು ಕಡೆ, ಸಾರ್ವಜನಿಕ ಬದುಕು ಇನ್ನೊಂದು ಕಡೆ ಎಂದು ಅವರು ಬೇರೆ ಮಾಡಿ ನೋಡುತ್ತಾರೆ. ಆ ಗೆರೆ ಯಾರ ಬೆನ್ನ ಮೇಲೆ ನಿಂತಿದೆ ಎಂದು ಅವರ 1958ರ ಪುಸ್ತಕ ‘ದಿ ಹ್ಯೂಮನ್ ಕಂಡಿಶನ್’ ಓದುವಾಗ ಕೇಳಿಕೊಳ್ಳಿ. ಈ ಪುಟ್ಟ ಉತ್ತರ ನಿಮಗೆ ಆ ಪ್ರಶ್ನೆ ಕೊಟ್ಟಿದೆ.

‘ಮೂರನೇ ಜಗತ್ತಿನ’ ವಿಷಯ ಬೇರೆ. ಅದು ರೈಫ್ ಸಂದರ್ಶನದಲ್ಲಿದೆ, ಅಂದರೆ ಅವರೇ ಒಪ್ಪಿ ಪುಸ್ತಕಕ್ಕೆ ಸೇರಿಸಿದ ಮಾತು. ಹಾಗಾಗಿ ಬಾಯಿತಪ್ಪಿ ಬಂತು ಎನ್ನುವಂತಿಲ್ಲ. ಮೂರನೇ ಜಗತ್ತು ಎಂಬುದು ವಾಸ್ತವವಲ್ಲ, ಒಂದು ಸಿದ್ಧಾಂತದ ಕಟ್ಟು ಎನ್ನುತ್ತಾರೆ. ರೈಫ್ ಅಲ್ಲಿಗೇ ಬಿಡುವುದಿಲ್ಲ. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕ ವಾಸ್ತವವಲ್ಲವೇ ಎಂದು ಎದುರು ಪ್ರಶ್ನೆ ಹಾಕುತ್ತಾರೆ. ಆಗ ಬರುವ ಉತ್ತರದಲ್ಲಿ ಒಂದು ಗಟ್ಟಿ ವಾದವಿದೆ. ಸಾಮ್ರಾಜ್ಯಶಾಹಿಗಳ ಕಣ್ಣಿಗೆ ಈಜಿಪ್ಟ್, ಇಂಡಿಯಾ ಎರಡೂ ಒಂದೇ, ಎರಡೂ ಅಡಿಯಾಳು ಜನಾಂಗಗಳ ಸಾಲಿಗೆ ಸೇರಿದವು. ಅರವತ್ತರ ದಶಕದ ‘ಹೊಸ ಎಡಪಂಥ’ ಅದೇ ಗುಂಪುಗೂಡಿಕೆಯನ್ನು ಎತ್ತಿಕೊಂಡು ಹಣೆಪಟ್ಟಿ ಮಾತ್ರ ತಿರುಗಿಸಿದೆ ಎಂಬ ಆಕ್ಷೇಪ ಅದು. ಇಂಡಿಯಾದ ಓದುಗರು ಇದನ್ನು ಸುಮ್ನೆ ದಾಟಿ ಹೋಗಬಾರದು. ಇದು ನಮ್ಮನ್ನು ಬೇರೆಯಾಗಿ ನೋಡಿ ಎನ್ನುವ ವಾದ. ಆದರೆ ಅದೇ ಉಸಿರಿನಲ್ಲಿ ಚೀನಿಯರನ್ನೂ ಆಫ್ರಿಕಾದ ಬಂಟು ಬುಡಕಟ್ಟಿನವರನ್ನೂ ಒಂದೇ ಜಗತ್ತಿನವರು ಎಂದರೆ ಚೀನಿಯರು ಏನನ್ನುತ್ತಾರೋ ನೋಡಿ ಎಂಬಂಥ ಉದಾಹರಣೆ ಕೊಡುತ್ತಾರೆ. ಅಲ್ಲಿ ಆಫ್ರಿಕಾದವರ ಬಗ್ಗೆ ತಾತ್ಸಾರ ಇದೆ. ಅವರ 1951ರ ಪುಸ್ತಕ ‘ದಿ ಒರಿಜಿನ್ಸ್ ಆಫ್ ಟೋಟಲಿಟೇರಿಯನಿಸಂ’ನ ಆಫ್ರಿಕಾ ಭಾಗದಲ್ಲೂ, ಅಮೆರಿಕದ ಲಿಟಲ್ ರಾಕ್ ಊರಿನ ಬಿಳಿಯರ ಶಾಲೆಗೆ ಕರಿಯ ಮಕ್ಕಳನ್ನು ಸೇರಿಸಿದ ಬಗ್ಗೆ 1959ರಲ್ಲಿ ಬರೆದ ಪ್ರಬಂಧದಲ್ಲೂ ಇದೇ ಕುರುಡು ಇದೆ ಎಂದು ವಿಮರ್ಶಕರು ಬಹಳ ಹಿಂದಿನಿಂದ ಹೇಳುತ್ತಿದ್ದಾರೆ. ನಾನೂ ಅದನ್ನು ಒಪ್ಪುತ್ತೇನೆ. ವಾದವನ್ನು ತೆಗೆದುಕೊಳ್ಳಿ, ಉದಾಹರಣೆಯನ್ನು ಪ್ರಶ್ನಿಸಿ. ನಿಮ್ಮ ಕಸಿವಿಸಿ ಸರಿಯಾಗಿಯೇ ಇದೆ.

ಕೆಲವು ಸಂಗತಿ ಸಂದರ್ಶನದಲ್ಲಿ ಮಾತ್ರ ಸಿಗುತ್ತವೆ. ತಮ್ಮ ಬದುಕಿನ ಬಗ್ಗೆ ಅರೆಂಟ್ ಪುಸ್ತಕಗಳಲ್ಲಿ ಹೆಚ್ಚು ಹೇಳಿಕೊಂಡವರಲ್ಲ. 1933ರಲ್ಲಿ ಬರ್ಲಿನ್ನಿನಲ್ಲಿ ಯಹೂದಿ ಸಂಘಟನೆಗಾಗಿ ಯಹೂದಿ ದ್ವೇಷದ ಹೇಳಿಕೆಗಳನ್ನು ಗ್ರಂಥಾಲಯದಲ್ಲಿ ಕೂತು ಸಂಗ್ರಹಿಸಿದ್ದು, ಅದಕ್ಕಾಗಿ ಬಂಧನವಾಗಿ ಎಂಟು ದಿನ ಒಳಗಿದ್ದದ್ದು, ಅಲ್ಲಿನ ಪೊಲೀಸ್ ಅಧಿಕಾರಿಯೊಬ್ಬ ಹೊರಗೆ ಬಿಡಿಸಿದ್ದು, ಆಮೇಲೆ ಜರ್ಮನಿ ಬಿಟ್ಟದ್ದು ಎಲ್ಲವನ್ನೂ ಗೌಸ್ ಮುಂದೆ ಹೇಳುತ್ತಾರೆ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಶತ್ರುಗಳು ಏನು ಮಾಡಿದರು ಎಂಬುದು ನಮಗೆ ಸಮಸ್ಯೆಯಾಗಿರಲಿಲ್ಲ, ಗೆಳೆಯರು ಏನು ಮಾಡಿದರು ಎಂಬುದೇ ಸಮಸ್ಯೆ ಎನ್ನುತ್ತಾರೆ. ಓದಿಕೊಂಡವರು ಹಿಟ್ಲರ್ ಬಗ್ಗೆ ತುಂಬ ಸ್ವಾರಸ್ಯವಾದ ವಿಚಾರಗಳನ್ನು ಹೆಣೆದುಕೊಂಡು ತಾವು ಹೆಣೆದ ಬಲೆಯಲ್ಲಿ ತಾವೇ ಸಿಕ್ಕಿಬಿದ್ದರು ಎನ್ನುತ್ತಾರೆ. ಅವರ ಗುರು, ತತ್ವಜ್ಞಾನಿ ಹೈಡೆಗರ್ 1933ರಲ್ಲಿ ನಾಜಿ ಪಕ್ಷ ಸೇರಿದ್ದರು ಎಂಬುದು ನೆನಪಿರಲಿ. 31 ವರ್ಷ ಆದಮೇಲೆ ನೆನಪಿನಿಂದ ಹೇಳಿದ ಮಾತು ಇದು, ಆ ಎಚ್ಚರ ಬೇಕು. ಆದರೂ ಬುದ್ಧಿಜೀವಿಗಳ ಬಗ್ಗೆ ಅವರಿಗಿದ್ದ ಅನುಮಾನ ಎಲ್ಲಿಂದ ಬಂತು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಐಕ್‌ಮನ್‌ನನ್ನು ನೋಡಿ ಅರೆಂಟ್ ಬಳಸಿದ ಹೆಸರಾಂತ ಮಾತು ‘ಕೇಡಿನ ಕ್ಷುಲ್ಲಕತೆ’. ಹಾಗೆಂದರೇನು ಎಂಬುದಕ್ಕೆ ಫೆಸ್ಟ್ ಸಂದರ್ಶನದಲ್ಲಿ ಸಿಗುವ ವಿವರಣೆ ಐಕ್‌ಮನ್ ಪುಸ್ತಕದಲ್ಲಿ ಇರುವುದಕ್ಕಿಂತ ಸ್ಪಷ್ಟ. ನಮ್ಮೆಲ್ಲರೊಳಗೂ ಒಬ್ಬ ಐಕ್‌ಮನ್ ಇದ್ದಾನೆ ಎಂದು ನಾನು ಹೇಳಲೇ ಇಲ್ಲ ಎನ್ನುತ್ತಾರೆ. ಎಷ್ಟೊಂದು ಜನ ಈಗಲೂ ಹಾಗೆಯೇ ಓದುತ್ತಾರೆ ನೋಡಿ. ಆಮೇಲೆ ಜರ್ಮನ್ ಲೇಖಕ ಎರ್ನ್ಸ್ಟ್ ಯುಂಗರ್ ಬರೆದ ಯುದ್ಧಕಾಲದ ಒಂದು ಪ್ರಸಂಗ ಹೇಳುತ್ತಾರೆ. ಒಬ್ಬ ಜರ್ಮನ್ ರೈತನ ಮನೆಗೆ ಶಿಬಿರದಿಂದ ರಷ್ಯನ್ ಸೆರೆಯಾಳುಗಳು ಬರುತ್ತಾರೆ, ಹಸಿದು ಸಾಯುವ ಸ್ಥಿತಿಯಲ್ಲಿ. ರೈತ ಹೇಳುತ್ತಾನೆ, ಇವರು ಮನುಷ್ಯರೇ ಅಲ್ಲ, ಹಂದಿಗೆ ಇಟ್ಟದ್ದನ್ನು ತಿನ್ನುತ್ತಾರೆ. ಹಸಿವಿನಿಂದ ಹಾಗೆ ಮಾಡುತ್ತಿದ್ದಾರೆ ಎಂಬುದು ಅವನಿಗೆ ಹೊಳೆಯುವುದೇ ಇಲ್ಲ. ಎದುರಿಗಿರುವವನ ಪಾಡೇನು ಎಂದು ಊಹಿಸಿಕೊಳ್ಳಲು ಮನಸ್ಸೇ ಮಾಡದ ಆ ದಡ್ಡತನ, ಅರೆಂಟ್ ಹೇಳುತ್ತಿರುವುದು ಅದನ್ನೇ. ಅದರಲ್ಲಿ ರಾಕ್ಷಸನ ಆಳವೇನೂ ಇಲ್ಲ. ಈ ಒಂದು ಪುಟಕ್ಕಾಗಿಯೇ ಆ ಸಂಗ್ರಹ ಕೊಳ್ಳಬಹುದು.

ಉಲ್ಲೇಖ ಮಾಡುವಾಗ ಹುಷಾರಾಗಿರಿ. ಎರೆರಾ ಸಂದರ್ಶನದ ಸುಳ್ಳಿನ ಕುರಿತ ಮಾತು ಈಗ ಎಲ್ಲೆಡೆ ಓಡಾಡುತ್ತಿದೆ, ಅದೂ ಬೇರೆ ಬೇರೆ ರೂಪದಲ್ಲಿ. ಎಲ್ಲರೂ ಯಾವಾಗಲೂ ಸುಳ್ಳು ಹೇಳಿದರೆ ಜನ ಆ ಸುಳ್ಳನ್ನು ನಂಬುತ್ತಾರೆ ಎಂದಲ್ಲ, ಯಾವುದನ್ನೂ ನಂಬದಂತಾಗುತ್ತಾರೆ ಎಂಬುದು ಅದರ ತಾತ್ಪರ್ಯ. ಅದನ್ನು ಯಾವುದೋ ಒಬ್ಬ ನಾಯಕನ ಒಂದು ಸುಳ್ಳಿಗೆ ಅಂಟಿಸುತ್ತಾರೆ. ಆದರೆ ಅದಕ್ಕೂ ಮೊದಲು ಅರೆಂಟ್ ಮಾತಾಡುತ್ತಿದ್ದುದು ಸ್ವತಂತ್ರ ಪತ್ರಿಕೆಗಳ ಬಗ್ಗೆ. ಪತ್ರಿಕಾ ಸ್ವಾತಂತ್ರ್ಯ ಹೋದ ಗಳಿಗೆಯಿಂದ ಏನು ಬೇಕಾದರೂ ಆಗಬಹುದು, ಸುಳ್ಳು ಹೇಳುವ ಸರ್ಕಾರ ತನ್ನ ಇತಿಹಾಸವನ್ನೇ ಮತ್ತೆ ಮತ್ತೆ ತಿದ್ದಬೇಕಾಗುತ್ತದೆ, ಕೊನೆಗೆ ಜನರಿಂದ ಕ್ರಿಯೆಯ ಶಕ್ತಿ ಮಾತ್ರವಲ್ಲ, ಯೋಚಿಸುವ, ನಿರ್ಣಯಿಸುವ ಶಕ್ತಿಯೂ ಹೋಗುತ್ತದೆ. ಅಂಥ ಜನರನ್ನು ಹೇಗೆ ಬೇಕಾದರೂ ಆಡಿಸಬಹುದು. ಇದು ಪೂರ್ತಿ ವಾದ. ನೀವು ಬರೆಯುವಾಗ, ಮಾತಾಡುವಾಗ ಯಾವ ಸಂದರ್ಶನ, ಯಾವ ವರ್ಷ, ಯಾರು ಕೇಳಿದ್ದು ಎಂದು ಒಂದು ಸಾಲು ಸೇರಿಸಿ. ‘ಅರೆಂಟ್ ಬರೆದಿದ್ದಾರೆ’ ಎನ್ನಬೇಡಿ, ‘1973ರಲ್ಲಿ ಎರೆರಾ ಜೊತೆ ಮಾತಾಡುತ್ತ ಹೇಳಿದರು’ ಎನ್ನಿ.

ಓದುವ ಕ್ರಮ ಹೀಗಿರಲಿ. ಮೊದಲು ಗೌಸ್. ಆಮೇಲೆ ಫೆಸ್ಟ್, ಅದರ ಬೆನ್ನಿಗೆ ಐಕ್‌ಮನ್ ಪುಸ್ತಕ. ಅವರ ದೊಡ್ಡ ಪುಸ್ತಕಗಳಲ್ಲಿ ಸಲೀಸಾಗಿ ಓದಿಸಿಕೊಳ್ಳುವುದು ಅದೇ. ಎರೆರಾ ಸಂದರ್ಶನ ಓದಿದಾಗ ಸತ್ಯ ಮತ್ತು ರಾಜಕೀಯದ ಬಗ್ಗೆ ಅವರು 1967ರಲ್ಲಿ ಬರೆದ ಪ್ರಬಂಧ, ವಿಯೆಟ್ನಾಂ ಯುದ್ಧದ ಕುರಿತು ಸೋರಿಕೆಯಾದ ಪೆಂಟಗನ್ ದಾಖಲೆಗಳ ಬಗ್ಗೆ 1971ರಲ್ಲಿ ಬರೆದ ಪ್ರಬಂಧ ಎರಡನ್ನೂ ಜೊತೆಗಿಟ್ಟುಕೊಳ್ಳಿ. ರೈಫ್ ಕೊನೆಗೆ ಇರಲಿ. ಅದಕ್ಕೆ ಕ್ರಾಂತಿ ಪುಸ್ತಕದ ಕೊನೆಯ ಅಧ್ಯಾಯ ಬೇಕು. 1958ರ ಪುಸ್ತಕಕ್ಕೆ ಅವಸರ ಮಾಡಬೇಡಿ. ಅದು ಕಷ್ಟದ ಪುಸ್ತಕ, ಮತ್ತು ಯಾವ ಸಂದರ್ಶನವೂ ಅದರ ಕೆಲಸ ಮಾಡಿಕೊಡುವುದಿಲ್ಲ. ಅಲ್ಲಿಗೆ ಹೋಗುವ ಮೊದಲು ಟೊರಾಂಟೊ ಸಮ್ಮೇಳನದ ಮಾತುಕತೆ ಎಲ್ಲಾದರೂ ಸಿಕ್ಕಿದರೆ ಓದಿ. ಅರೆಂಟ್ ಅವರ ಗೆಳತಿ, ಅಮೆರಿಕದ ಲೇಖಕಿ ಮೇರಿ ಮೆಕಾರ್ಥಿ ಅಲ್ಲಿ ನೇರವಾಗಿ ಕೇಳುತ್ತಾರೆ: ಬಡತನ, ವಸತಿ, ಆರೋಗ್ಯ ಎಲ್ಲವನ್ನೂ ರಾಜಕೀಯದಿಂದ ಹೊರಗಿಟ್ಟರೆ ರಾಜಕೀಯದಲ್ಲಿ ಮಾಡುವುದಕ್ಕೆ ಉಳಿಯುವುದೇನು? ಎಲ್ಲರಿಗೂ ಒಳ್ಳೆಯ ಮನೆ ಬೇಕು ಎಂಬುದು ಚರ್ಚೆಯ ವಿಷಯವಲ್ಲ, ಆ ಮನೆಗಳಲ್ಲಿ ಬಿಳಿಯರೂ ಕರಿಯರೂ ಜೊತೆಯಾಗಿ ಇರಬೇಕೇ ಎಂಬುದು ರಾಜಕೀಯ ಎಂಬ ಅರ್ಥದ ಉತ್ತರ ಕೊಡುತ್ತಾರೆ ಅರೆಂಟ್. ಅಲ್ಲಿ ಕೂತಿದ್ದ ಕೆಲವರಿಗೆ ಅದು ಸಾಕೆನಿಸಲಿಲ್ಲ. ನನಗೂ ಸಾಕೆನಿಸುವುದಿಲ್ಲ. ಆ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡು 1958ರ ಪುಸ್ತಕ ತೆರೆಯಿರಿ.